ಮರೆತ ಊರು, ಬಾರದ ಅನುವಾದ: ‘ಮದರ್ 3’ ಆಟದ ಕುರಿತು

ಜಪಾನಿನ ನಿಂಟೆಂಡೊ ಕಂಪೆನಿ ‘ಮದರ್ 3’ ಎಂಬ ವಿಡಿಯೋ ಆಟವನ್ನು 2006ರ ಏಪ್ರಿಲ್ 20ರಂದು ಬಿಡುಗಡೆ ಮಾಡಿತು. ಅಂದಿನಿಂದ ಇಂದಿನವರೆಗೆ ಜಪಾನಿ ಭಾಷೆಯಲ್ಲಲ್ಲದೆ ಬೇರೆ ಯಾವ ಭಾಷೆಯಲ್ಲೂ ಕಂಪೆನಿ ಅದನ್ನು ಹೊರತಂದಿಲ್ಲ. ನನಗೆ ಜಪಾನಿ ಬಾರದು. ಆದರೂ ಆ ಆಟವನ್ನು ಮೂರು ಬಾರಿ ಮೊದಲಿನಿಂದ ಕೊನೆಯವರೆಗೆ ಆಡಿದ್ದೇನೆ. ನಾನು ಓದಿದ ಒಳ್ಳೆಯ ಕಾದಂಬರಿಗಳ ಸಾಲಿನಲ್ಲಿ ಅದನ್ನು ಇರಿಸಲು ನನಗೆ ಸಂಕೋಚವಿಲ್ಲ. ಇದು ಸಾಧ್ಯವಾದದ್ದು ಅಭಿಮಾನಿಗಳೇ ಸೇರಿ ಮಾಡಿದ ಇಂಗ್ಲಿಷ್ ಅನುವಾದದಿಂದ. ವಿಡಿಯೋ ಗೇಮ್ ಎಂದೊಡನೆ ಮಕ್ಕಳ ಕಣ್ಣು ಹಾಳಾಗುವ ಮಾತು ಎತ್ತುವ ಹಿರಿಯರು ನಮ್ಮೆಲ್ಲರ ಮನೆಗಳಲ್ಲಿದ್ದಾರೆ. ಅವರ ಮಾತಿಗೆ ನನ್ನ ತಕರಾರಿಲ್ಲ, ಆದರೆ ಇಲ್ಲಿ ನಾನು ಮಾತನಾಡಬೇಕೆಂದಿರುವುದು ಒಂದು ಕೃತಿಯ ಬಗ್ಗೆ, ಅದು ಭಾಷೆಯ ಗಡಿ ದಾಟಿದ ಬಗೆಯ ಬಗ್ಗೆ.

ಇದರ ಕರ್ತೃ ಶಿಗೆಸಾಟೊ ಇಟೊಯ್. ಇವರು ಮೂಲತಃ ಜಾಹೀರಾತಿನ ಸಾಲುಗಳನ್ನು ಬರೆದು ಹೆಸರಾದವರು, ಪ್ರಬಂಧಕಾರರು. ಕಂಪ್ಯೂಟರಿನವರಲ್ಲ, ಮಾತಿನವರು. ಸರಣಿಯ ಮೊದಲ ಆಟ 1989ರಲ್ಲಿ, ಎರಡನೆಯದು 1994ರಲ್ಲಿ ಬಂದವು. ಮೂರನೆಯದನ್ನು ‘ನಿಂಟೆಂಡೊ 64’ ಯಂತ್ರಕ್ಕೆಂದು ಆರಂಭಿಸಿ, ವರ್ಷಗಟ್ಟಲೆ ದುಡಿದು, 2000ದ ಆಗಸ್ಟಿನಲ್ಲಿ ಕೈಬಿಟ್ಟರು. ಕೊನೆಗೆ ಅದು ಹೊರಬಂದದ್ದು ಅಂಗೈಯಲ್ಲಿ ಹಿಡಿದು ಆಡುವ ‘ಗೇಮ್ ಬಾಯ್ ಅಡ್ವಾನ್ಸ್’ ಎಂಬ ಪುಟ್ಟ ಯಂತ್ರದಲ್ಲಿ. ತೆರೆ ಚಿಕ್ಕದಾದುದರಿಂದ ಆಡಂಬರಕ್ಕೆ ಎಡೆಯಿಲ್ಲ, ಮಾತೇ ಮುಂದೆ ನಿಲ್ಲಬೇಕು. ಇದು ಕೃತಿಗೆ ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ.

ಕಥೆ ನಡೆಯುವುದು ಟಾಜ್ಮಿಲಿ ಎಂಬ ಹಳ್ಳಿಯಲ್ಲಿ. ಇಲ್ಲಿ ಹಣವಿಲ್ಲ. ಅಂಗಡಿಗೆ ಹೋದರೆ ಬೇಕಾದುದನ್ನು ಸುಮ್ಮನೆ ಕೊಡುತ್ತಾರೆ. ಕುರಿ ಸಾಕುವ ಫ್ಲಿಂಟ್, ಅವನ ಹೆಂಡತಿ ಹಿನಾವಾ, ಅವರ ಅವಳಿ ಮಕ್ಕಳು ಲೂಕಾಸ್ ಮತ್ತು ಕ್ಲೌಸ್. ಹಂದಿಯ ಮುಖವಾಡ ತೊಟ್ಟ ಸೈನ್ಯವೊಂದು ದ್ವೀಪಕ್ಕೆ ಇಳಿಯುತ್ತದೆ. ಕಾಡಿನ ಪ್ರಾಣಿಗಳಿಗೆ ಯಂತ್ರದ ಅಂಗಗಳನ್ನು ಜೋಡಿಸುತ್ತದೆ. ಯಾರಿಗೂ ಕೇಡು ಮಾಡದ ಡ್ರಾಗೊ ಎಂಬ ದೊಡ್ಡ ಪ್ರಾಣಿ ಹೀಗೆ ಯಂತ್ರವಾಗಿ ಹಿನಾವಾಳನ್ನು ಕೊಲ್ಲುತ್ತದೆ.

ಈ ಸಾವಿನ ಸುದ್ದಿ ಫ್ಲಿಂಟನಿಗೆ ಮುಟ್ಟುವ ದೃಶ್ಯವನ್ನು ಸ್ವಲ್ಪ ನಿಂತು ನೋಡಬೇಕು. ರಾತ್ರಿ, ಊರವರು ಬೆಂಕಿಯ ಸುತ್ತ ಕೂತಿದ್ದಾರೆ. ಹುಡುಕಲು ಹೋದ ನೆರೆಯವನು ಬಂದು, ಒಂದು ಒಳ್ಳೆಯ ಸುದ್ದಿಯಿದೆ, ಒಂದು ಕೆಟ್ಟ ಸುದ್ದಿಯಿದೆ ಎಂದು ತೊಡಗುತ್ತಾನೆ. ಒಳ್ಳೆಯದು, ಡ್ರಾಗೊದ ಕೋರೆಹಲ್ಲು ಸಿಕ್ಕಿದೆ, ಆಯುಧಕ್ಕೆ ಆದೀತು. ಕೆಟ್ಟದ್ದು, ಆ ಹಲ್ಲು ಸಿಕ್ಕ ಜಾಗ. ಅದು ಹಿನಾವಾಳ ಎದೆಯಲ್ಲಿ ನಾಟಿಕೊಂಡಿತ್ತು. ಬೇರೆ ಬರಹಗಾರನಾಗಿದ್ದರೆ ಇಲ್ಲಿ ಕಣ್ಣೀರಿನ ಮಾತುಗಳನ್ನು ತುಂಬಿಸುತ್ತಿದ್ದ. ಇಟೊಯ್ ತುಂಬಿಸುವುದು ನೆರೆಯವನ ತಡಬಡಿಕೆಯನ್ನು. ಸಾವಿನ ಮನೆಗೆ ಸುದ್ದಿ ಹೊತ್ತು ಹೋದವರಿಗೆ ಗೊತ್ತು, ಬಾಯಿಗೆ ಬರುವುದು ಇಂಥ ಸಲ್ಲದ ಮಾತೇ. ಫ್ಲಿಂಟ್ ಏನೂ ಹೇಳುವುದಿಲ್ಲ. ಉರಿಯುವ ಕೊಳ್ಳಿ ಎತ್ತಿ ಊರವರ ಮೇಲೆಯೇ ಬೀಸುತ್ತಾನೆ. ಅವನನ್ನು ಹೊಡೆದು ಕೆಡವಿ ಜೈಲಿಗೆ ಹಾಕುತ್ತಾರೆ. ಅಲ್ಲಿಯವರೆಗೆ ಆ ಜೈಲಿಗೆ ಕೆಲಸವೇ ಇರಲಿಲ್ಲ.

ಮುಂದೆ ಹಣ ಬರುತ್ತದೆ. ಹಂದಿ ಮಾರಿ ಹಣ ಪಡೆದವನೊಬ್ಬ, ಅದೇನೆಂದು ಸರಿಯಾಗಿ ತಿಳಿಯದೆಯೇ ಬಾವಿಯಲ್ಲಿ ಅಡಗಿಸಿಡುತ್ತಾನೆ. ಅದು ಕಾಣೆಯಾಗುತ್ತದೆ, ಆರೋಪ ಹೊರುವವನೊಬ್ಬನೂ ಸಿಗುತ್ತಾನೆ. ನಾಲ್ಕನೆಯ ಅಧ್ಯಾಯಕ್ಕೆ ಮೂರು ವರ್ಷ ಕಳೆದಿದೆ. ಊರಿಗೆ ರೈಲು ಬಂದಿದೆ, ಮುದುಕರಿಗೆ ವೃದ್ಧಾಶ್ರಮ ಬಂದಿದೆ, ಮನೆಮನೆಯಲ್ಲಿ ‘ಸುಖದ ಪೆಟ್ಟಿಗೆ’ ಎಂಬ ಮಿನುಗುವ ಡಬ್ಬ ಕೂತಿದೆ. ಅದನ್ನು ಬೇಡವೆಂದ ಮನೆಗೆ ಸಿಡಿಲು ಬಡಿಯುತ್ತದೆ. ಆಡುವವನಿಗೆ ಈ ಬದಲಾವಣೆ ಮಾತಿನಿಂದಷ್ಟೇ ತಿಳಿಯುವುದಲ್ಲ, ಬೆರಳಿಗೂ ತಿಳಿಯುತ್ತದೆ. ಈ ಆಟದಲ್ಲಿ ಎಲ್ಲಿಯವರೆಗೆ ಆಡಿದೆವೆಂದು ಗುರುತು ಉಳಿಸಲು ಕಪ್ಪೆಗಳೊಡನೆ ಮಾತನಾಡಬೇಕು. ಮೊದಲ ಮೂರು ಅಧ್ಯಾಯಗಳಲ್ಲಿ ಕಪ್ಪೆ ಮಾಡುವುದು ಇಷ್ಟೇ. ನಾಲ್ಕನೆಯದರಿಂದ ಅದೇ ಕಪ್ಪೆ ಬ್ಯಾಂಕಿನ ಕೆಲಸವನ್ನೂ ಮಾಡತೊಡಗುತ್ತದೆ, ಹಣ ಇಡಬಹುದು, ತೆಗೆಯಬಹುದು. ಯಾರೂ ಇದನ್ನು ಎತ್ತಿ ಆಡುವುದಿಲ್ಲ. ನಾನೂ ಮೊದಲ ಸಲ ಅನುಕೂಲವಾಯಿತೆಂದೇ ಸಂತೋಷಪಟ್ಟೆ. ಅಲ್ಲಿಯೇ ಕೃತಿ ನನ್ನನ್ನು ಹಿಡಿದುಹಾಕಿತು ಎನ್ನಬೇಕು.

ಕಥೆಯ ಗುಟ್ಟು ಮೊದಲೇ ತಿಳಿಯಬಾರದೆನ್ನುವವರು ಮುಂದಿನ ಭಾಗವನ್ನು ಬಿಟ್ಟು ಓದಬಹುದು. ಆಟಗಾರರಲ್ಲಿ ಈ ಶಿಷ್ಟಾಚಾರ ಬಿಗಿಯಾಗಿದೆ. ಟಾಜ್ಮಿಲಿ ಹಳೆಯ ಊರಲ್ಲ. ಅಳಿದುಹೋದ ಲೋಕವೊಂದರಿಂದ ಬಿಳಿಯ ಹಡಗಿನಲ್ಲಿ ತಪ್ಪಿಸಿಕೊಂಡು ಬಂದವರು, ತಮ್ಮ ನೆನಪುಗಳನ್ನು ತಾವೇ ಒಪ್ಪಿ ಅಳಿಸಿಕೊಂಡು, ಒಂದೊಂದು ಪಾತ್ರ ಹಂಚಿಕೊಂಡು ಕಟ್ಟಿದ ಊರು ಅದು. ಮರೆತದ್ದೆಲ್ಲ ಒಂದು ಮೊಟ್ಟೆಯೊಳಗೆ ಭದ್ರವಾಗಿದೆ. ನೆನಪು ಉಳಿಸಿಕೊಂಡವನು ಒಬ್ಬನೇ, ಊರ ಗಂಟೆ ಬಾರಿಸುವ ಲೆಡರ್ ಎಂಬ ಎತ್ತರದ ಮನುಷ್ಯ. ಅವನು ಆಟದ ಕೊನೆಯ ಭಾಗದವರೆಗೆ ಬಾಯಿ ಬಿಡುವುದಿಲ್ಲ. ಹಣವಿಲ್ಲದ ಮುಗ್ಧ ಹಳ್ಳಿ, ಅದನ್ನು ಕೆಡಿಸುವ ನಗರ ಎಂಬ ಸರಳ ಚಿತ್ರ ಇಲ್ಲಿ ಮುರಿದುಬೀಳುತ್ತದೆ. ಮುಗ್ಧತೆಯೂ ಬೆಲೆ ಕೊಟ್ಟು ಕೊಂಡದ್ದೇ. ಹಿಂದಿನದನ್ನು ಮರೆತವರಿಗೆ ಸುಖದ ಪೆಟ್ಟಿಗೆ ಮಾರುವುದು ಎಷ್ಟು ಸುಲಭವೆಂದು ಕಂಡಾಗ ಮೊದಲ ಮೂರು ಅಧ್ಯಾಯಗಳ ನಗು ಬೇರೆಯೇ ಆಗಿ ಕೇಳಿಸುತ್ತದೆ.

ದೋಷಗಳಿಲ್ಲವೆ? ಇವೆ. ಮೊದಲ ಮೂರು ಅಧ್ಯಾಯಗಳು ಬೇರೆ ಬೇರೆ ಪಾತ್ರಗಳ ಕಣ್ಣಿನಿಂದ ಕಾದಂಬರಿಯಂತೆ ಬಿಚ್ಚಿಕೊಳ್ಳುತ್ತವೆ; ಏಳನೆಯದು ಸೂಜಿ ಹುಡುಕುವ ಅಲೆದಾಟವಾಗಿ ಜಗ್ಗುತ್ತದೆ. ಹೊಡೆದಾಟದಲ್ಲಿ ಸಂಗೀತದ ತಾಳಕ್ಕೆ ಸರಿಯಾಗಿ ಗುಂಡಿ ಒತ್ತಿದರೆ ಹದಿನಾರು ಪೆಟ್ಟುಗಳವರೆಗೆ ಹೊಡೆಯಬಹುದು. ತಾಳಜ್ಞಾನ ಇಲ್ಲದವರಿಗೆ ಅದು ಶಿಕ್ಷೆ.

ಇಂಥ ಕೃತಿ ಇಂಗ್ಲಿಷಿಗೆ ಏಕೆ ಬರಲಿಲ್ಲ? ಎರಡನೆಯ ಆಟ ‘ಅರ್ತ್‌ಬೌಂಡ್’ ಎಂಬ ಹೆಸರಿನಲ್ಲಿ 1995ರಲ್ಲಿ ಅಮೆರಿಕಕ್ಕೆ ಹೋಗಿತ್ತು. ಈ ಆಟ ನಾರುತ್ತದೆ ಎಂಬ ಅರ್ಥದ ಜಾಹೀರಾತು, ಉಜ್ಜಿದರೆ ದುರ್ವಾಸನೆ ಬರುವ ಕಾಗದ ಇವನ್ನೆಲ್ಲ ಹಂಚಿ ಮಾರಲು ನೋಡಿದರು, ನಿರೀಕ್ಷಿಸಿದಷ್ಟು ಹೋಗಲಿಲ್ಲ. ಮೊದಲ ಆಟದ ಪಾಡು ಇನ್ನೂ ವಿಚಿತ್ರ. ಅದರ ಇಂಗ್ಲಿಷ್ ಅನುವಾದ 1990ರಲ್ಲೇ ಮುಗಿದಿತ್ತು, ಆದರೆ ಕಂಪೆನಿ ಅದನ್ನು ಹೊರತಂದದ್ದು 2015ರ ಜೂನಿನಲ್ಲಿ. ಮೂರನೆಯದು ಬರದಿರಲು ಆಗಿನ ವ್ಯವಹಾರದ ಸ್ಥಿತಿಯೇ ಕಾರಣವೆಂದು ಕಂಪೆನಿಯ ಅಮೆರಿಕ ಶಾಖೆಯ ಅಧ್ಯಕ್ಷರಾಗಿದ್ದ ರೆಜಿ ಫಿಸ್-ಏಮೆ ನಿವೃತ್ತರಾದ ಮೇಲೆ ಹೇಳಿದ್ದಾರೆ. ಓದುಗರ ಸಂಖ್ಯೆ ಲೆಕ್ಕ ಹಾಕಿ, ಸಾಲದು ಎಂದು ಕಡತ ಮುಚ್ಚುವ ಕ್ರಮ ನಮಗೆ ಹೊಸದಲ್ಲ.

ಅಭಿಮಾನಿಗಳು ಮೊದಲು ಬೇಡಿದರು. ಮನವಿಗಳಿಗೆ ಸಹಿ ಮಾಡಿದರು, ಬಣ್ಣದ ಚಿತ್ರಗಳ ದಪ್ಪ ಪುಸ್ತಕ ಅಚ್ಚು ಹಾಕಿಸಿ ಕಂಪೆನಿಗೆ ಕಳುಹಿಸಿದರು. ಉತ್ತರ ಬರಲಿಲ್ಲ. 2006ರ ನವೆಂಬರಿನಲ್ಲಿ ಕ್ಲೈಡ್ ಮ್ಯಾಂಡೆಲಿನ್ ಮತ್ತು ಅವರ ಗೆಳೆಯರು ತಾವೇ ಅನುವಾದ ಮಾಡುವುದಾಗಿ ಘೋಷಿಸಿದರು. ಜಪಾನಿಯಿಂದ ಇಂಗ್ಲಿಷಿಗೆ ಅನುವಾದಿಸುವುದು ಮ್ಯಾಂಡೆಲಿನ್ನರ ವೃತ್ತಿಯೇ. ಕಂಪೆನಿ ತಾನು ಅನುವಾದಿಸುತ್ತೇನೆಂದರೆ ಅಂದೇ ನಿಲ್ಲಿಸುತ್ತೇವೆ ಎಂದೂ ಹೇಳಿದ್ದರು. ಕೂಲಿಯಿಲ್ಲದೆ, ಬಿಡುವಿನ ವೇಳೆಯಲ್ಲಿ ಸುಮಾರು ಎರಡು ವರ್ಷ ದುಡಿದು 2008ರ ಅಕ್ಟೋಬರ್ 17ರಂದು ಹೊರತಂದರು. ಅವರು ಹಂಚಿದ್ದು ಆಟವನ್ನಲ್ಲ, ಮೂಲ ಆಟಕ್ಕೆ ಜೋಡಿಸಬೇಕಾದ ಬದಲಾವಣೆಗಳ ಕಡತವನ್ನು. ಕಾನೂನಿನ ದೃಷ್ಟಿಯಲ್ಲಿ ಇದು ಮಸುಕು ಜಾಗ. ಕಂಪೆನಿ ಒಪ್ಪಿಗೆ ಕೊಡಲೂ ಇಲ್ಲ, ತಡೆಯಲೂ ಇಲ್ಲ. ಮೊದಲ ವಾರದಲ್ಲೇ ಒಂದು ಲಕ್ಷಕ್ಕೂ ಮಿಕ್ಕಿ ಪ್ರತಿಗಳು ಹೋದವು. ಕೆಲಸ ಬರೀ ಮಾತು ಬದಲಿಸುವುದಾಗಿರಲಿಲ್ಲ. ಜಪಾನಿ ಅಕ್ಷರಗಳೆಲ್ಲ ಒಂದೇ ಅಗಲದ ಚೌಕದಲ್ಲಿ ಕೂರುತ್ತವೆ, ಇಂಗ್ಲಿಷಿನವು ಹಾಗಲ್ಲ. ಅಕ್ಷರ ಮೂಡಿಸುವ ಏರ್ಪಾಟನ್ನೇ ಹೊಸತಾಗಿ ಬರೆಯಬೇಕಾಯಿತು. ಕಂಪ್ಯೂಟರಿನಲ್ಲಿ ಕನ್ನಡದ ಒತ್ತಕ್ಷರ ಪಕ್ಕಕ್ಕೆ ಜಾರಿ ಕೂತದ್ದನ್ನು ಕಂಡವರಿಗೆ ಈ ಕಷ್ಟ ವಿವರಿಸಬೇಕಾಗಿಲ್ಲ.

ಅನುವಾದದ ಗುಣವನ್ನು ಹೆಸರುಗಳಲ್ಲಿ ನೋಡಬಹುದು. ಅವಳಿ ಮಕ್ಕಳ ಹೆಸರುಗಳನ್ನು ಇಟೊಯ್ ತೆಗೆದುಕೊಂಡದ್ದು ಅಗೋತಾ ಕ್ರಿಸ್ತೋಫ್ ಎಂಬ ಲೇಖಕಿಯ ಅವಳಿ ಸೋದರರ ಕಾದಂಬರಿಗಳಿಂದ. ಈಕೆ ಹಂಗೇರಿಯವರು. 1956ರ ಕೊನೆಯಲ್ಲಿ ಹಸುಗೂಸನ್ನು ಹೊತ್ತು ಗಡಿ ದಾಟಿ ಸ್ವಿಟ್ಜರ್ಲೆಂಡಿಗೆ ಬಂದು, ಗಡಿಯಾರದ ಕಾರ್ಖಾನೆಯಲ್ಲಿ ದುಡಿದು, ನಡುವಯಸ್ಸಿನಲ್ಲಿ ಫ್ರೆಂಚಿನಲ್ಲಿ ಬರೆದರು. ಆ ಫ್ರೆಂಚ್ ತನ್ನ ತಾಯ್ನುಡಿಯನ್ನು ಕೊಲ್ಲುತ್ತಿದೆ ಎಂದು ಬರೆದವರೂ ಅವರೇ. (ಆ ವರ್ಷದ ನವೆಂಬರ್ 1ರಂದೇ ಕಾಸರಗೋಡು ಕೇರಳಕ್ಕೆ ಸೇರಿದ್ದು. ನಮ್ಮ ಹಿರಿಯರು ಮಾತ್ರ ಇದ್ದಲ್ಲೇ ಇದ್ದರು.) ಕ್ರಿಸ್ತೋಫರ ಕೃತಿಯಲ್ಲಿ ಲೂಕಾಸ್, ಕ್ಲೌಸ್ ಎರಡೂ ರೋಮನ್ ಲಿಪಿಯ ಅವೇ ಐದು ಅಕ್ಷರಗಳಿಂದ ಆದ ಹೆಸರುಗಳು, ಅಣ್ಣತಮ್ಮಂದಿರು ಒಂದೇ ಮಣ್ಣಿನ ಎರಡು ಗೊಂಬೆಗಳೆಂಬಂತೆ. ಜಪಾನಿ ಲಿಪಿಗೆ ಬಂದಾಗ ಈ ನಂಟು ಕಾಣದಾಯಿತು; ಕನ್ನಡದಲ್ಲೂ ಕಾಣುವುದಿಲ್ಲ. ಇಂಗ್ಲಿಷ್ ಅನುವಾದದಲ್ಲಿ ಅದು ಮರಳಿ ಬಂತು. ಮೂಲದಲ್ಲಿ ಮುಚ್ಚಿಹೋದದ್ದು ಅನುವಾದದಲ್ಲಿ ತೆರೆದ ಇಂಥ ಉದಾಹರಣೆ ಅಪರೂಪ. ಕಳೆದುಹೋದದ್ದೂ ಇದೆ. ಫ್ಲಿಂಟ್ ಎಂದರೆ ಇಂಗ್ಲಿಷಿನಲ್ಲಿ ಚಕಮಕಿ ಕಲ್ಲು. ಹಿನಾವಾ ಎಂದರೆ ಜಪಾನಿಯಲ್ಲಿ ಹಳೆಯ ಕೋವಿಗೆ ಕಿಡಿ ಮುಟ್ಟಿಸುವ ಬತ್ತಿ. ಗಂಡಹೆಂಡಿರ ನಡುವಿನ ಈ ಬೆಂಕಿಯ ನಂಟು ಇಂಗ್ಲಿಷ್ ಓದುಗನಿಗೆ ಅರ್ಧ ಮಾತ್ರ ದಕ್ಕುತ್ತದೆ. ಅಡಿಟಿಪ್ಪಣಿ ಹಾಕಲು ಆಟದಲ್ಲಿ ಜಾಗವೆಲ್ಲಿ?

ನನಗೆ ಒಪ್ಪಿಗೆಯಾಗದ್ದು ಒಂದು ಹೆಸರು. ಸುಖದ ಪೆಟ್ಟಿಗೆ ಮಾರುವ, ಸಾಲ್ಸಾ ಎಂಬ ಕೋತಿಯನ್ನು ಹಿಂಸಿಸಿ ಕುಣಿಸುವ ಖಳನ ಹೆಸರು ಜಪಾನಿಯಲ್ಲಿ ಯೊಕುಬಾ, ದುರಾಸೆ ಎಂಬ ಅರ್ಥಕ್ಕೆ ಹತ್ತಿರದ್ದು. ಅನುವಾದಕರು ಅವನನ್ನು ಫಸ್ಸಾದ್ ಎಂದು ಕರೆದರು. ಇಂಗ್ಲಿಷಿನಲ್ಲಿ ಅದು ಸುಳ್ಳು ಮುಖವನ್ನು ಸೂಚಿಸುವ ಪದದಂತೆ ಕೇಳುತ್ತದೆ. ಅರಬಿ ಮೂಲದ ‘ಫಸಾದ್’ ಎಂದರೆ ಕೇಡು, ಉರ್ದುವಿನಿಂದ ನಮಗೂ ಪರಿಚಿತ. ಎರಡು ಭಾಷೆ ಸೇರಿಸಿ ಕಟ್ಟಿದ ಜಾಣತನಕ್ಕೆ ತಲೆದೂಗಬಹುದು. ಆದರೆ ಅವನ ವೇಷವೇ ಅರಬರದನ್ನು ಹೋಲುವಂಥದು. ಮೂಲದಲ್ಲಿ ವೇಷ ಮಾತ್ರ ಇದ್ದ ಕಡೆ ಅನುವಾದ ಹೆಸರನ್ನೂ ಸೇರಿಸಿ ಒಂದು ಜನವರ್ಗದ ಮೇಲಿನ ಹಳೆಯ ಪೂರ್ವಗ್ರಹಕ್ಕೆ ಒತ್ತು ಕೊಟ್ಟಿತು. ಮಸೀದಿ, ದೈವಸ್ಥಾನ, ಇಗರ್ಜಿ ಒಂದೇ ರಸ್ತೆಯಲ್ಲಿರುವ ಊರಿನಿಂದ ನೋಡುವಾಗ ಇದು ಸಣ್ಣ ಮಾತಾಗಿ ನನಗೆ ಕಾಣುವುದಿಲ್ಲ.

ಇಷ್ಟು ಜಗಳವಾಡಲು ಸಾಧ್ಯವಾಗುವುದೇ ಅನುವಾದ ಜೀವಂತವಾಗಿದೆ ಎಂಬುದಕ್ಕೆ ಸಾಕ್ಷಿ. ನಾನು ಮಲಯಾಳದಿಂದ ಕನ್ನಡಕ್ಕೆ ಇಳಿಸಿದ ಅರ್ಜಿ ನಮೂನೆಗಳನ್ನು ತುಂಬುತ್ತ ಬೆಳೆದವನು. ಕನ್ನಡ ಪ್ರತಿಯನ್ನು ಬದಿಗಿಟ್ಟು ಮಲಯಾಳ ಪ್ರತಿಯನ್ನೇ ನೋಡಿ ತುಂಬುವುದು ಲೇಸೆಂದು ಕಿಟಕಿಯಾಚೆಯ ಗುಮಾಸ್ತರೇ ಹೇಳಿಕೊಡುತ್ತಿದ್ದರು. ಆ ಅನುವಾದಗಳ ಮೇಲೆ ಯಾರೂ ಜಗಳವಾಡಿದ್ದನ್ನು ನಾನು ಕಂಡಿಲ್ಲ. ಯಾರೋ ಓದುತ್ತಾರೆಂದು ನಂಬಿ ಮಾಡಿದವಲ್ಲ ಅವು.

ಗೇಮರ್ ಸಂಸ್ಕೃತಿ ಎಂದು ಇಂದು ಸುದ್ದಿಯಾಗುವುದರಲ್ಲಿ ಗದ್ದಲವೇ ಹೆಚ್ಚು: ಯಾವ ಯಂತ್ರ ಮೇಲು, ಯಾವ ಆಟ ಎಷ್ಟು ಮಾರಿತು, ಯಾರು ಯಾರನ್ನು ಬೈದರು. ‘ಮದರ್ 3’ರ ಅಭಿಮಾನಿಗಳಲ್ಲೂ ಗದ್ದಲವಿತ್ತು. ಕಂಪೆನಿ ಏನೇ ಹೊಸದನ್ನು ಪ್ರಕಟಿಸಲಿ, ‘ಮದರ್ 3’ ಎಲ್ಲಿ ಎಂದು ಕೂಗುವುದು ಅವರ ರೂಢಿ. 2014ರ ಜೂನಿನಲ್ಲಿ ಕಂಪೆನಿಯೇ ಇದನ್ನು ತಮಾಷೆಗೆ ಎತ್ತಿಕೊಂಡು, ಹಾಗೆ ಕೂಗಿದ ಅಭಿಮಾನಿಯನ್ನು ರೆಜಿಯ ಗೊಂಬೆ ಬೆಂಕಿಯುಂಡೆ ಎಸೆದು ಸುಡುವ ಕಿರುಚಿತ್ರ ತೋರಿಸಿತು. ನಾನೂ ನಕ್ಕೆ. ಆದರೆ ಅದಕ್ಕೂ ಒಂದು ವರ್ಷ ಮೊದಲು, 2013ರಲ್ಲಿ, ಮ್ಯಾಂಡೆಲಿನ್ ತಮ್ಮ ಇಡೀ ಅನುವಾದವನ್ನು ಪುಕ್ಕಟೆಯಾಗಿ ಕಂಪೆನಿಗೆ ಕೊಡಲು ಮುಂದೆ ಬಂದಿದ್ದರು. ಅದನ್ನು ಬಳಸಿಕೊಂಡ ಆವೃತ್ತಿ ಯಾವುದೂ ಹೊರಬರಲಿಲ್ಲ.

2024ರ ಫೆಬ್ರವರಿಯಲ್ಲಿ ಕಂಪೆನಿ ತನ್ನ ‘ಸ್ವಿಚ್’ ಯಂತ್ರದ ಚಂದಾದಾರರಿಗೆ ‘ಮದರ್ 3’ನ್ನು ಮತ್ತೆ ಕೊಟ್ಟಿತು, ಜಪಾನಿನಲ್ಲಿ ಮಾತ್ರ, ಜಪಾನಿಯಲ್ಲಿ ಮಾತ್ರ. ಕಾಲೇಜಿಗೆ ಹೋಗುವ ನನ್ನ ತಂಗಿಯ ಮಗಳು ಈಗ ಜಪಾನಿ ಕಲಿಯುತ್ತಿದ್ದಾಳೆ. ಬೆಂಕಿಯ ಸುತ್ತಲಿನ ಆ ದೃಶ್ಯದಲ್ಲಿ ನೆರೆಯವನ ತಡಬಡಿಕೆ ಮೂಲದಲ್ಲಿ ಹೇಗಿದೆಯೆಂದು ಕೇಳಿದೆ. ಕನ್ನಡದಲ್ಲಿ ಹೇಳಲು ತೊಡಗಿ, ಎರಡು ವಾಕ್ಯ ಆದಮೇಲೆ, “ತಡಿ ಮಾವ, ಇದನ್ನು ಬರೆದು ನೋಡುತ್ತೇನೆ” ಎಂದು ಎದ್ದು ಹೋದಳು.