ಹೃದಯತಂತುವಿನ ಗಣಿತ: ಒಂದು ವಿಮರ್ಶೆ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಡೆನಿಸ್ ನೋಬಲ್ ಅವರು 1960ರಲ್ಲಿ ಪ್ರಕಟಿಸಿ, 1962ರಲ್ಲಿ ವಿಸ್ತರಿಸಿದ ಪ್ರಬಂಧವು ಹೃದಯದ ಪರ್ಕಿಂಜೆ ತಂತುಗಳ ವಿದ್ಯುನ್ಮಿಡಿತವನ್ನು ಗಣಿತದಿಂದ ವಿವರಿಸುತ್ತದೆ. ಹಾಡ್ಜ್‌ಕಿನ್ ಮತ್ತು ಹಕ್ಸ್ಲೀ ಅವರು 1952ರಲ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ನರಕ್ಕೆ ರಚಿಸಿದ ಸಮೀಕರಣಗಳೇ ಅದಕ್ಕೆ ಆಧಾರ. ಪೊಟ್ಯಾಸಿಯಂ ಪ್ರವಾಹವನ್ನು ಎರಡಾಗಿ ವಿಂಗಡಿಸಿದುದೇ ಪ್ರಬಂಧದ ಸತ್ತ್ವವೆಂದು ನಮ್ಮ ಮತ. ಗಣಕಯಂತ್ರವನ್ನಷ್ಟೇ ಹೊಗಳುವವರು ಇದನ್ನು ಮರೆಯುತ್ತಾರೆ.

ಗಣನೆಯಲ್ಲಿ ಮಿಡಿತವು ತಾನಾಗಿಯೇ ಮೂಡಿತು, ನಿಜ. ಆದರೆ ವಕ್ರರೇಖೆ ಹೊಂದಿದ ಮಾತ್ರಕ್ಕೆ ಕಾರಣವು ಸಿದ್ಧವಾಯಿತೆನ್ನಬಹುದೇ? ಒಂದೇ ಶಾಸನಕ್ಕೆ ಎರಡು ವಂಶಾವಳಿಗಳು ಹೊಂದುವುದನ್ನು ಕಂಡಿರುವ ನಾವು ಹಾಗೆನ್ನಲಾರೆವು. ಹೃದಯದ ಕ್ಯಾಲ್ಸಿಯಂ ಪ್ರವಾಹವು ಆಗ ಅಜ್ಞಾತವಾಗಿದ್ದುದರಿಂದ ಅದರ ಹೊರೆಯನ್ನೂ ಸೋಡಿಯಮ್ಮಿನ ಮೇಲೆಯೇ ಹೊರಿಸಲಾಗಿತ್ತು. 1967ರಲ್ಲಿ ರಾಯ್ಟರ್ ಅವರು ಅದನ್ನು ಪ್ರಯೋಗದಿಂದ ತೋರಿಸಿದರು. ನೋಬಲ್ ಅವರೇ ಸಹಲೇಖಕರಾದ 1975ರ ಸಮೀಕರಣಗಳಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು.