ಮನೆಯಿಂದ ಕಂಡ ಹಕ್ಕಿಗಳ ಪಟ್ಟಿಯನ್ನು ಓದೋದು ಹೇಗೆ?

ಡಿಸೆಂಬರ್ ಬಂತು ಅಂದ್ರೆ ಹಕ್ಕಿ ನೋಡೋರು ಒಬ್ಬರಿಗೊಬ್ಬರು ಒಂದು ಸಂಖ್ಯೆ ಹೇಳಿಕೊಳ್ತಾರೆ. ಈ ವರ್ಷ ಮನೆಯಿಂದ ಇಷ್ಟು ಜಾತಿ ಕಂಡ್ವು ಅಂತ. ನಿಯಮ ಸರಳ. ಬಾಲ್ಕನಿ, ಕಿಟಕಿ, ತಾರಸಿ, ಅಂಗಳ, ಎಲ್ಲಾದ್ರೂ ನಿಂತಿರಿ, ನೀವು ಮಾತ್ರ ಮನೆಯಲ್ಲೇ ಇರಬೇಕು. ಹಕ್ಕಿ ಎದುರಿನ ಮರದ ಮೇಲೆ ಕೂತಿರಲಿ, ಆಕಾಶದಲ್ಲಿ ಹಾದು ಹೋಗಲಿ, ಬರೀ ದನಿ ಕೇಳಿಸಲಿ, ಲೆಕ್ಕಕ್ಕೆ ಬರುತ್ತೆ. ಜನವರಿ 1ಕ್ಕೆ ಪಟ್ಟಿ ಮತ್ತೆ ಖಾಲಿ.

ಈ ಪಟ್ಟಿಯನ್ನು ಒಂದು ಪುಸ್ತಕದ ವಿಮರ್ಶೆ ಮಾಡೋ ಹಾಗೆ ವಿಮರ್ಶೆ ಮಾಡಬಹುದು ಅಂತ ನನಗೆ ಅನ್ನಿಸುತ್ತೆ. ಅದಕ್ಕೂ ಲೇಖಕರಿದ್ದಾರೆ, ಕಟ್ಟುಪಾಡುಗಳಿವೆ, ಅದು ಹೇಳೋ ಸಂಗತಿಗಳಿವೆ, ಬಾಯಿಬಿಡದೇ ಇರೋ ಸಂಗತಿಗಳೂ ಇವೆ.

ಮನೆಯ ಸುತ್ತಲನ್ನೇ ನೋಡಿ ಬರೆಯೋದು ಹೊಸದೇನಲ್ಲ. ಇಂಗ್ಲೆಂಡಿನ ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ತನ್ನ ಊರಿನ ಪ್ರಕೃತಿಯ ಬಗ್ಗೆ ಬರೆದ ಪುಸ್ತಕ ಬಂದಿದ್ದು 1789ರಲ್ಲಿ. ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ ಇರೋ ಮೂರು ಪುಟ್ಟ ಹಕ್ಕಿಗಳು ಬೇರೆ ಬೇರೆ ಜಾತಿ ಅಂತ ಆತ ಗುರುತಿಸಿದ್ದು ಮುಖ್ಯವಾಗಿ ಅವುಗಳ ಹಾಡು ಕೇಳಿ. ಅದಕ್ಕೆ ಅದೇ ಜಾಗದಲ್ಲಿ ವರ್ಷಗಟ್ಟಲೆ ಇರಬೇಕಾಗುತ್ತೆ. ಕನ್ನಡದಲ್ಲಿ ನಮಗೆ ತೇಜಸ್ವಿ ಇದ್ದಾರೆ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು, ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಬಿದ್ದವರು. ಅವರ 'ಹಕ್ಕಿ ಪುಕ್ಕ' ಓದಿದೋರಿಗೆ ಗೊತ್ತು, ಅಲ್ಲಿ ಎಷ್ಟು ಹಕ್ಕಿ ಕಂಡ್ವು ಅನ್ನೋದು ಪ್ರಶ್ನೆಯೇ ಅಲ್ಲ. ಒಂದೊಂದು ಹಕ್ಕಿಗೂ ಅದರದೇ ಜಾಗ, ಅದರದೇ ನಡವಳಿಕೆ.

ಈಗಿನ ಪಟ್ಟಿ ಇದಕ್ಕೆ ತದ್ವಿರುದ್ಧ. 2002ರಲ್ಲಿ ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಕೇಂದ್ರದವರು ಶುರು ಮಾಡಿದ ಇಬರ್ಡ್ ಇವತ್ತು ಜಗತ್ತಿನ ಹಕ್ಕಿ ನೋಡುಗರ ದಿನಚರಿ ಪುಸ್ತಕ. ನಾನು ಹೊಟ್ಟೆಪಾಡಿಗೆ ಮಾಡೋದು ಡೇಟಾ ಕೆಲಸ. ಹಾಗಾಗಿ ಇದರ ಬಗ್ಗೆ ನನಗೆ ಗೌರವ ಜಾಸ್ತಿ, ತಕರಾರೂ ಜಾಸ್ತಿ.

ತಕರಾರು ಏನು ಅಂದ್ರೆ, ವರ್ಷದ ಪಟ್ಟಿಯಲ್ಲಿ ಒಂದು ಜಾತಿಗೆ ಒಂದೇ ಸಾಲು. ಜನವರಿ 1ರ ಬೆಳಗ್ಗೆ ಎಸಿಯ ಹೊರಗಿನ ಪೆಟ್ಟಿಗೆ ಮೇಲೆ ಬೆಳವ ಕೂತಿತ್ತು, ಟಿಕ್ ಹಾಕಿದ್ರಿ. ಅಲ್ಲಿಗೆ ಆ ಪಟ್ಟಿಯ ಮಟ್ಟಿಗೆ ಬೆಳವದ ವರ್ಷ ಮುಗೀತು. ಅದು ಮಾರ್ಚಿನಲ್ಲಿ ಗೂಡು ಕಟ್ಟಲಿ, ಜುಲೈ ಬಿಸಿಲಲ್ಲಿ ಬಾಯಿ ತೆರೆದುಕೊಂಡು ಕೂತಿರಲಿ, ಅಕ್ಟೋಬರ್ ಹೊತ್ತಿಗೆ ನಾಪತ್ತೆಯೇ ಆಗಲಿ, ನಿಮ್ಮ ಸಂಖ್ಯೆ ಕದಲೋದಿಲ್ಲ. ವಸಂತದಲ್ಲಿ ಒಂದೇ ಒಂದು ಸಲ ತಲೆ ಮೇಲೆ ಕೂಗುತ್ತಾ ಹಾದು ಹೋದ ಯೂರೋಪಿನ ಕಳ್ಳಿಪೀರಕ್ಕೂ, ದಿನವೂ ಜೊತೆಗಿರೋ ಬೆಳವಕ್ಕೂ ತೂಕ ಒಂದೇ. ನಾನು ಆಫೀಸಿನಲ್ಲಿ ಇಂಥ ಅಳತೆಗೋಲು ಕೊಟ್ಟರೆ ವಾಪಸ್ ಕಳಿಸ್ತಾರೆ.

ಇದು ಬರೀ ಡೇಟಾದವರ ಕಿರಿಕಿರಿ ಅಂದುಕೊಳ್ಳಬೇಡಿ. ಗುಬ್ಬಚ್ಚಿಯ ವಿಷಯ ನೋಡಿ. ಮೊಬೈಲ್ ಟವರ್ ಬಂದು ಗುಬ್ಬಚ್ಚಿಗಳು ಹೋದ್ವು ಅನ್ನೋ ಮಾತು ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಇತ್ತು. 2020ರಲ್ಲಿ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ ಬಂತು. 15,500ಕ್ಕೂ ಹೆಚ್ಚು ಜನ ಇಬರ್ಡ್‌ಗೆ ಹಾಕಿದ್ದ 1 ಕೋಟಿಗೂ ಮೀರಿದ ದಾಖಲೆಗಳು ಅದರ ಆಧಾರ. ಒಟ್ಟು ದೇಶದಲ್ಲಿ ಗುಬ್ಬಚ್ಚಿ ಹೆಚ್ಚುಕಮ್ಮಿ ಇದ್ದ ಹಾಗೇ ಇದೆ, ಬೆಂಗಳೂರೂ ಸೇರಿದ ಹಾಗೆ ದೊಡ್ಡ ನಗರಗಳಲ್ಲಿ ಕಡಿಮೆಯಾಗಿದೆ ಅಂತ ಅದು ಹೇಳಿತು. ಇದು ತಿಳಿದದ್ದು ಯಾರದೋ ವರ್ಷದ ಮೊತ್ತದಿಂದಲ್ಲ. ಕಂಡ ಹಕ್ಕಿಗಳನ್ನೆಲ್ಲ ಬಿಡದೆ ಬರೆದ ಪೂರ್ತಿ ಪಟ್ಟಿಗಳಿಂದ, ನೂರು ಪಟ್ಟಿಯಲ್ಲಿ ಎಷ್ಟರಲ್ಲಿ ಗುಬ್ಬಚ್ಚಿ ಇದೆ, ಎಷ್ಟರಲ್ಲಿ ಇಲ್ಲ ಅನ್ನೋ ಲೆಕ್ಕದಿಂದ. ಆ 'ಇಲ್ಲ' ಬರಬೇಕಾದ್ರೆ ಏನೂ ಹೊಸದಿಲ್ಲದ ದಿನವೂ ಯಾರೋ ಹದಿನೈದು ನಿಮಿಷ ಕಿಟಕಿ ಹತ್ರ ನಿಂತು ಬರೆದಿರಬೇಕು.

ಇನ್ನು ಮನೆ. ಇಲ್ಲಿ ನಮ್ಮ ಮನೆ ಅಂದ್ರೆ ಬಹುತೇಕ ವರ್ಷದ ಕರಾರು. ದುಬೈನಲ್ಲಿ ಅದರ ನೋಂದಣಿಗೆ ಇಜಾರಿ ಅಂತಾರೆ, ಅಬುಧಾಬಿಯಲ್ಲಿ ತೌಥೀಕ್. (ನಮ್ಮ ಹಳೇ ಕಂದಾಯದ ಕನ್ನಡದ 'ಇಜಾರೆ', 'ಇಜಾರದಾರ' ಇದೇ ಇಜಾರಿಯ ನೆಂಟರು.) ಬಾಡಿಗೆ ಏರಿತು ಅಂತ ಮನೆ ಬದಲಾಯಿಸಿದ್ರೆ ಹಕ್ಕಿಗಳೂ ಬದಲಾಗ್ತವೆ. ರಾಸ್ ಅಲ್ ಖೋರ್ ಜೌಗು ಕಾಣೋ ಎತ್ತರದ ಫ್ಲ್ಯಾಟಿನವರಿಗೆ ಕಾಫಿ ಹೀರುತ್ತಲೇ ರಾಜಹಂಸ ಸಿಗುತ್ತೆ. ಒಳಗಿನ ಬೀದಿಯ ಎರಡನೇ ಮಹಡಿಯವರಿಗೆ ಎದುರಿನ ಗೋಡೆ ಸಿಗುತ್ತೆ. ಇಬ್ಬರ ಮೊತ್ತವನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದ್ರೆ ನೀವು ಅಳೆಯೋದು ಹಕ್ಕಿಯನ್ನಲ್ಲ, ಬಾಡಿಗೆಯನ್ನ.

ಆದ್ರೂ ನಾನು ಈ ಪಟ್ಟಿಯ ಪರ. ಯಾಕೆ ಅಂತ ಹೇಳ್ತೀನಿ. ಇಲ್ಲಿಯ ಯಾವ ಕನ್ನಡದ ಮನೆಯ ಪಟ್ಟಿಯನ್ನಾದ್ರೂ ತೆಗೆದು ಓದಿ. ಗೊರವಂಕ, ಗಿಳಿ, ಕೆಂಪುಕುಂಡೆಯ ಪಿಕಳಾರ, ಗುಬ್ಬಚ್ಚಿ, ಟಿಟ್ಟಿಭ, ನೀಲಕಂಠ. ಊರಿನ ಪಟ್ಟಿಯೇ ಅನ್ನಿಸುತ್ತೆ ಅಲ್ವಾ? ಈ ಹೋಲಿಕೆಯಲ್ಲಿ ಎರಡು ಬೇರೆ ಬೇರೆ ಕಥೆ ಇವೆ. ನೀಲಕಂಠ ಕರ್ನಾಟಕದ ರಾಜ್ಯಪಕ್ಷಿ ಹೌದು, ಆದ್ರೆ ಈ ಕೊಲ್ಲಿಯ ತೀರವೂ ಅದರ ಸ್ವಂತ ನೆಲ, ಯಾರೂ ತಂದು ಬಿಟ್ಟದ್ದಲ್ಲ. ಗೊರವಂಕ, ಪಿಕಳಾರ ಹಾಗಲ್ಲ. ಪಂಜರದ ವ್ಯಾಪಾರದಲ್ಲಿ ಬಂದು, ತಪ್ಪಿಸಿಕೊಂಡು, ಹುಲ್ಲಿಗೆ ಹರಿಸೋ ನೀರನ್ನು ನಂಬಿ ಸಂಸಾರ ಹೂಡಿದವು. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳು ಅಂತ ಒಂದು ಪ್ರಸಿದ್ಧ ಪಟ್ಟಿ ಇದೆ. ಅದರಲ್ಲಿರೋ ಹಕ್ಕಿಗಳು ಮೂರೇ. ಮೂರರಲ್ಲಿ ಎರಡು, ಈ ಗೊರವಂಕ ಮತ್ತು ಈ ಪಿಕಳಾರ, ನಮ್ಮ ಹಿತ್ತಿಲಿನವು. ಬೆಳಗ್ಗೆ ಅವುಗಳ ದನಿ ಕೇಳಿ ಊರು ನೆನಪಾಗಿ ಖುಷಿಪಡೋ ನಾವು ಇದನ್ನೂ ತಿಳಿದಿರಬೇಕು.

ಇಬರ್ಡ್ 2022ರಿಂದ ಹೊರಗಿನಿಂದ ಬಂದ ಹಕ್ಕಿಗಳನ್ನು ಮೂರಾಗಿ ವಿಂಗಡಿಸುತ್ತೆ: ನೆಲೆಯೂರಿದವು, ಇನ್ನೂ ಗಟ್ಟಿಯಾಗದವು, ಪಂಜರದಿಂದ ತಪ್ಪಿಸಿಕೊಂಡವು. ಮೊದಲ ಎರಡು ಮೊತ್ತಕ್ಕೆ ಸೇರ್ತವೆ, ಮೂರನೆಯದು ಸೇರೋದಿಲ್ಲ. ವಿಂಗಡಣೆ ಒಳ್ಳೆಯದು. ಆದ್ರೆ ಮೊತ್ತವನ್ನಷ್ಟೇ ನೋಡೋರಿಗೆ ಅದು ಕಾಣೋದೇ ಇಲ್ಲ. ಅವರಿಗೆ ನೀಲಕಂಠವೂ ಒಂದು, ಗೊರವಂಕವೂ ಒಂದು.

ಹೆಸರಿನ ಮಾತು ಬಂತಲ್ಲ, ಇಲ್ಲೇ ಹುಟ್ಟಿ ಕನ್ನಡ ಕಲಿಯುತ್ತಿರೋರಿಗೆ ಒಂದು ಕಿವಿಮಾತು. ಪಟ್ಟಿಯನ್ನು ಕನ್ನಡದಲ್ಲಿ ಇಡಿ. ಟಿಟ್ಟಿಭ ಅನ್ನೋ ಪದವನ್ನು ಬಾಯಿಪಾಠ ಮಾಡಬೇಕಿಲ್ಲ, ಪಾರ್ಕಿನ ಹುಲ್ಲಿನ ಮೇಲೆ ಆ ಹಕ್ಕಿಯೇ ಅದನ್ನು ಕೂಗಿ ಹೇಳುತ್ತೆ. ಕೆಂಪುಕುಂಡೆ ಅಂದ ತಕ್ಷಣ ಮಕ್ಕಳು ನಗ್ತಾರೆ, ಆಮೇಲೆ ಮರೆಯೋದಿಲ್ಲ. ಕಷ್ಟ ಬರೋದು ಕರ್ನಾಟಕದಲ್ಲಿ ಇಲ್ಲದ ಹಕ್ಕಿಗಳಿಗೆ. ಕಪ್ಪು ತಲೆ, ಬಿಳಿ ಕೆನ್ನೆ, ಬಾಲದಡಿ ಹಳದಿ ಇರೋ ಪಿಕಳಾರ ಇಲ್ಲಿ ಬೇಕಾದಷ್ಟಿದೆ. ನಾನು ಅದನ್ನು ಬಿಳಿಗೆನ್ನೆ ಪಿಕಳಾರ ಅಂತ ಬರೆದುಕೊಳ್ತೀನಿ. ನಿಮಗೆ ಇದಕ್ಕಿಂತ ಒಳ್ಳೆಯ ಹೆಸರು ಹೊಳೆದ್ರೆ ಅದನ್ನೇ ಬರೀರಿ.

ಈ ಬಿಳಿಗೆನ್ನೆಯೂ ಆ ಕೆಂಪುಕುಂಡೆಯೂ ಎಮಿರೇಟ್ಸ್‌ನಲ್ಲಿ ಒಂದೇ ತೋಟದಲ್ಲಿ ಬಾಳ್ತವೆ, ಕೆಲವೊಮ್ಮೆ ಜೋಡಿಯೂ ಆಗ್ತವೆ. ಮರಿಗಳಲ್ಲಿ ಎರಡರ ಲಕ್ಷಣವೂ ಬೆರೆತಿರುತ್ತೆ. ಕೆನ್ನೆ ಪೂರ್ತಿ ಬಿಳಿ ಅಲ್ಲ, ಬಾಲದಡಿ ಹಳದಿಯೂ ಅಲ್ಲ ಕೆಂಪೂ ಅಲ್ಲ, ಕಿತ್ತಳೆ. ಇಬರ್ಡ್‌ನಲ್ಲಿ ಅದನ್ನು ಬೆರಕೆ ಅಂತ ದಾಖಲಿಸಬಹುದು. ಆದ್ರೆ ಜಾತಿಗಳ ಮೊತ್ತಕ್ಕೆ ಅದು ಸೇರೋದಿಲ್ಲ, ಅದರ ಬೆಲೆ ಸೊನ್ನೆ. ವರ್ಷಪೂರ್ತಿ ಅದು ನಿಮ್ಮ ಕಿಟಕಿಯ ಮುಂದೆಯೇ ಹಾಡಿದರೂ ಡಿಸೆಂಬರಿನ ಸಂಖ್ಯೆಯಲ್ಲಿ ಅದರ ಸುಳಿವಿರೋದಿಲ್ಲ. ದಾಖಲೆಯ ಕೆಳಗೆ ಟಿಪ್ಪಣಿಗೆ ಅಂತ ಒಂದು ಖಾಲಿ ಜಾಗ ಇದೆ, ಕನ್ನಡದಲ್ಲೂ ಬರೆಯಬಹುದು. ನಾನು ಇನ್ನೊಬ್ಬರ ಪಟ್ಟಿ ತೆರೆದಾಗ ಮೊದಲು ನೋಡೋದು ಅದನ್ನೇ.