ಬೋಳುಗುಡ್ಡ ಎಂಬ ಓದು: ಬಳ್ಳಾರಿ–ರಾಯದುರ್ಗ ಗಡಿಯ ಬೆಟ್ಟಗಳು ಮತ್ತು ಸಂರಕ್ಷಣೆಯ ಭಾಷೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ ಇಬ್ಭಾಗವಾಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದವು ಮೈಸೂರಿಗೆ ಬಂದವು. ಈ ವಿಭಜನೆಯನ್ನು ಕುರಿತ ಕನ್ನಡದ ಚರ್ಚೆ ಬಹುಮಟ್ಟಿಗೆ ಶಾಲೆ, ಆಡಳಿತ ಭಾಷೆ, ಜನಗಣತಿಗಳ ಸುತ್ತಲೇ ನಡೆದಿದೆ. ಅದೇ ಗೆರೆ ಒಂದು ಬೆಟ್ಟಸಾಲಿನ ಮೇಲೂ ಹಾದುಹೋಯಿತೆಂಬ ಸಂಗತಿಗೆ ಅಷ್ಟು ಗಮನ ದೊರೆತಿಲ್ಲ. ಸಾಲಿನ ಒಂದು ಮಗ್ಗುಲಿಗೆ ರಾಯದುರ್ಗ ಸೀಮೆಯ ಡಿ. ಹಿರೇಹಾಳ್ ಮಂಡಲದ ಓಬಳಾಪುರಂ, ಸಿದ್ಧಾಪುರಂ, ಮಲಪನಗುಡಿ ಗ್ರಾಮಗಳಿವೆ. ಇನ್ನೊಂದು ಮಗ್ಗುಲಿಗೆ ಬಳ್ಳಾರಿ ಮತ್ತು ಸಂಡೂರಿನ ನೆಲವಿದೆ. ಗಡಿಯಲ್ಲಿ ನಿಂತಿದ್ದ ಸುಗ್ಗಲಮ್ಮನ ಗುಡಿಯನ್ನು 2006ರಲ್ಲಿ ಗಣಿಗಾರಿಕೆಗಾಗಿ ಸ್ಫೋಟಿಸಿ ಕೆಡವಲಾಯಿತು. ಗಡಿ ಗುರುತುಗಳು ಅಳಿದುಹೋದವು. ಗೆರೆಯನ್ನು ಹೊಸದಾಗಿ ಗುರುತಿಸುವ ಕೆಲಸ ಕೊನೆಗೆ ಸರ್ವೇ ಆಫ್ ಇಂಡಿಯಾದ ಪಾಲಿಗೆ ಬಂದಿತು.

ಒಂದು ಬೆಟ್ಟ ಇಷ್ಟು ಸುಲಭವಾಗಿ ಇಲ್ಲವಾದದ್ದು ಹೇಗೆ? ಅದಿರಿನ ಬೆಲೆ, ರಾಜಕಾರಣ, ಆಡಳಿತದ ಕುರುಡು ಇವು ಈಗಾಗಲೇ ಚರ್ಚೆಗೊಂಡ ಕಾರಣಗಳು. ಅವುಗಳಿಗೂ ಹಿಂದೆ ಮತ್ತೊಂದು ಕಾರಣವಿದೆ. ಈ ಸೀಮೆಯ ಬೆಟ್ಟಗಳನ್ನು ಕಂದಾಯದ ಕಡತ, ಸಾಹಿತ್ಯ, ನ್ಯಾಯಾಲಯದ ದಾಖಲೆ ಮೂರೂ ಅವುಗಳಲ್ಲಿ ಇಲ್ಲದ್ದನ್ನು ಹೆಸರಿಸುವ ಮೂಲಕವೇ ಓದಿವೆ. ಮಳೆಯಿಲ್ಲ, ಮರವಿಲ್ಲ, ಬೆಳೆಯಿಲ್ಲ ಎಂಬ ಈ ಓದು ‘ಬೋಳುಗುಡ್ಡ’ ಎಂಬ ಒಂದು ಪದದಲ್ಲಿ ಅಡಕವಾಗಿದೆ. ಮೊದಲೇ ಬೋಳೆಂದು ಬರೆಯಲಾದದ್ದನ್ನು ಕಳೆದುಕೊಂಡಾಗ ನಷ್ಟದ ಲೆಕ್ಕ ಬರೆಯುವವರಿರುವುದಿಲ್ಲ.

ಕಡತದಿಂದಲೇ ತೊಡಗಬಹುದು. ವಸಾಹತು ಕಾಲದ ಕಂದಾಯ ವ್ಯವಸ್ಥೆಗೆ ತೆರಿಗೆ ಕೊಡದ ನೆಲವೆಲ್ಲ ಪಾಳು. ಈ ವಿಂಗಡಣೆ ಸ್ವಾತಂತ್ರ್ಯದೊಂದಿಗೆ ಕೊನೆಗೊಳ್ಳಲಿಲ್ಲ. ಕೇಂದ್ರದ ಭೂಸಂಪನ್ಮೂಲ ಇಲಾಖೆ 2000ದಿಂದ ಹಲವು ಆವೃತ್ತಿಗಳಲ್ಲಿ ಪ್ರಕಟಿಸಿರುವ ‘ವೇಸ್ಟ್‌ಲ್ಯಾಂಡ್ಸ್ ಅಟ್ಲಾಸ್ ಆಫ್ ಇಂಡಿಯಾ’ದಲ್ಲಿ ಕುರುಚಲು ನೆಲಕ್ಕೂ ಬರಡು ಬಂಡೆಯ ನೆಲಕ್ಕೂ ಒಂದೊಂದು ವರ್ಗವಿದೆ. ಉಪಗ್ರಹದ ಚಿತ್ರ ಹೊಸದಾದರೂ ಅದರಡಿಯಲ್ಲಿ ಬರೆದ ಪದ ತಹಸೀಲ್ದಾರನ ಕಾಲದ್ದು. ‘ವೇಸ್ಟ್’ ಎಂಬುದು ನೆಲದ ವರ್ಣನೆಯಂತೆ ಕಂಡರೂ ಅದು ಮುಂದೆ ಕೈಗೊಳ್ಳಬೇಕಾದ ಕ್ರಮದ ಸೂಚನೆ: ಅಲ್ಲಿ ಏನಾದರೂ ಮಾಡಬಹುದು, ಯಾವುದಕ್ಕೂ ಕೊಡಬಹುದು.

ಸಾಹಿತ್ಯವು ಈ ಓದನ್ನು ತಿದ್ದಬಹುದಿತ್ತು. ಆದರೆ ಕನ್ನಡದ ಆಧುನಿಕ ಪ್ರಕೃತಿಪ್ರಜ್ಞೆ ರೂಪುಗೊಂಡದ್ದು ಪಶ್ಚಿಮಘಟ್ಟದ ಮಳೆಯಲ್ಲಿ. ಕಾರಂತರ ‘ಬೆಟ್ಟದ ಜೀವ’, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಇವು ಬೆಟ್ಟವೆಂದರೆ ಕಾಡು, ಕಾಡೆಂದರೆ ಹಸಿರಿನ ದಟ್ಟಣೆ ಎಂಬ ಸಮೀಕರಣವನ್ನು ಓದುಗನ ಮನಸ್ಸಿನಲ್ಲಿ ನೆಲೆಗೊಳಿಸಿದವು. ಅದು ಆ ಕೃತಿಗಳ ದೋಷವಲ್ಲ. ಒಂದು ಸೀಮೆಯ ಅನುಭವವನ್ನು ಇಡೀ ನಾಡಿನ ಮಾನದಂಡವಾಗಿಸಿದ ವಿಮರ್ಶೆಯ ದೋಷ. ಮಲೆನಾಡಿಗೆ ಪ್ರಕೃತಿ, ಬಯಲುಸೀಮೆಗೆ ಬರ ಎಂಬ ಹಂಚಿಕೆಯನ್ನು ಪಠ್ಯಪುಸ್ತಕಗಳೂ ಒಪ್ಪಿಕೊಂಡವು. ಬಳ್ಳಾರಿ ಸೀಮೆಯ ಕುಂ. ವೀರಭದ್ರಪ್ಪನವರ ಕಾದಂಬರಿಗಳನ್ನು ಪಾಳೆಯಗಾರಿಕೆ, ಜಾತಿಕ್ರೌರ್ಯ, ಹಸಿವುಗಳ ಕಥನವಾಗಿ ಓದಿದಷ್ಟು ಒಂದು ನೆಲದ ಕಥನವಾಗಿ ಓದಿಲ್ಲ. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅರಮನೆ’ಯ ಚರ್ಚೆಯಲ್ಲಿ ಥಾಮಸ್ ಮನ್ರೋಗೆ ಸಿಕ್ಕಷ್ಟು ಸ್ಥಳ ಅಲ್ಲಿನ ಕಲ್ಲುಗುಡ್ಡಗಳಿಗೆ ಸಿಕ್ಕಿಲ್ಲ.

ಗಡಿಯಾಚೆಯ ತೆಲುಗಿನ ಸ್ಥಿತಿಯೂ ಬೇರೆಯಲ್ಲ. ವಿದ್ವಾನ್ ವಿಶ್ವಂ ಅವರ ‘ಪೆನ್ನೇಟಿ ಪಾಟ’ ಪೆನ್ನೆಯ ದಂಡೆಯ ಬರ ಮತ್ತು ಬಡತನದ ಕಾವ್ಯವೆಂದೇ ಪ್ರಸಿದ್ಧ. ಆ ನದಿ ಹುಟ್ಟುವುದು ಕರ್ನಾಟಕದ ನಂದಿ ಬೆಟ್ಟಸಾಲಿನಲ್ಲಿ ಎಂಬುದು ಕಾವ್ಯದ ಚರ್ಚೆಯೊಳಗೆ ಬರುವುದು ಅಪರೂಪ. ನದಿಯ ಶೋಕ ಒಂದು ಭಾಷೆಗೂ ಅದರ ತಲೆಬೆಟ್ಟ ಇನ್ನೊಂದು ಭಾಷೆಗೂ ಸೇರಿಹೋಗಿವೆ. 2019ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಬಂಡಿ ನಾರಾಯಣಸ್ವಾಮಿಯವರ ಕಾದಂಬರಿಯ ಹೆಸರು ‘ಶಪ್ತಭೂಮಿ’. ಹದಿನೆಂಟನೆಯ ಶತಮಾನದ ಅನಂತಪುರ ಸೀಮೆಯನ್ನು ಚಿತ್ರಿಸುವ ಈ ಕೃತಿಯಲ್ಲಿ ಶಾಪ ಅಧಿಕಾರದ್ದು, ಜಾತಿಯದ್ದು. ಆದರೆ ಕಾದಂಬರಿಯನ್ನು ಬಿಟ್ಟು ಶೀರ್ಷಿಕೆ ಮಾತ್ರ ಸಂಚರಿಸುವಾಗ ಶಾಪ ಮಣ್ಣಿಗೆ ಅಂಟಿಕೊಳ್ಳುತ್ತದೆ. ರಾಯಲಸೀಮೆಯನ್ನು ಕುರಿತ ಪತ್ರಿಕಾ ಬರಹಗಳಲ್ಲಿ ಈ ಅಂಟು ಎದ್ದು ಕಾಣುತ್ತದೆ.

ಈ ಬೆಟ್ಟಗಳಲ್ಲಿ ಇರುವುದಾದರೂ ಏನು? ಅನಂತಪುರ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿ.ಮೀ. ನೈಋತ್ಯ ಮಾರುತವನ್ನು ಪಶ್ಚಿಮಘಟ್ಟ ತಡೆಯುತ್ತದೆ. ಈಶಾನ್ಯ ಮಾರುತ ಇಲ್ಲಿಗೆ ತಲುಪುವ ಹೊತ್ತಿಗೆ ಬಡವಾಗಿರುತ್ತದೆ. ಇಂಥ ನೆಲದಲ್ಲಿ ಬೀಳುವ ಅಷ್ಟಿಷ್ಟು ಮಳೆಯನ್ನು ಬಿರುಕುಗಳಲ್ಲಿ ಹಿಡಿದಿಟ್ಟು ಬುಡದ ಕೆರೆಗೆ ಮೆಲ್ಲನೆ ಬಿಡುವುದು ಗುಡ್ಡ. ಕಣಶಿಲೆಯ ಬಂಡೆಗುಡ್ಡಗಳ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರ ಬದುಕುತ್ತದೆ. ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳನ್ನು ಬಿಟ್ಟರೆ ಆ ಹಕ್ಕಿಗೆ ಜಗತ್ತಿನಲ್ಲಿ ಬೇರೆಡೆ ನೆಲೆಯಿಲ್ಲ. ದರೋಜಿಯ ಕರಡಿಗಳ ಆಶ್ರಯವೂ ಬಂಡೆಯ ಪೊಟರೆಗಳೇ. 1994ರಲ್ಲಿ ಅದು ಕರಡಿಧಾಮವೆಂದು ಘೋಷಿತವಾಯಿತು. ಒಣನೆಲದ ಕಮರದ ಮರ ಮೇವು, ನಾರು, ಗಟ್ಟಿ ದಾರು ಮೂರನ್ನೂ ಕೊಡುತ್ತದೆ. ದಟ್ಟ ನೆರಳು ಇಲ್ಲದಿರುವುದು ಇಲ್ಲಿ ಕೊರತೆಯಲ್ಲ; ಬಿಸಿಲು ಬೇಕಾದ ಹುಲ್ಲು, ಪೊದೆ, ಓತಿಗಳ ಲೋಕಕ್ಕೆ ಅದೇ ಆಧಾರ.

ಇನ್ನು ನ್ಯಾಯದ ಪಠ್ಯಗಳು. ಕರ್ನಾಟಕ ಲೋಕಾಯುಕ್ತರ 2011ರ ಜುಲೈ ವರದಿ ಅಕ್ರಮ ಗಣಿಗಾರಿಕೆಯ ಜಾಲವನ್ನು ಬಯಲಿಗೆ ತಂದ ಧೀರ ದಾಖಲೆ. ಸಮಾಜ ಪರಿವರ್ತನ ಸಮುದಾಯ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 18ರಂದು ನೀಡಿದ ತೀರ್ಪು ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ‘ಸಿ’ ವರ್ಗದವನ್ನು ರದ್ದುಪಡಿಸಿ, ಬಳ್ಳಾರಿಯ ವಾರ್ಷಿಕ ಉತ್ಪಾದನೆಗೆ 2.5 ಕೋಟಿ ಟನ್ನಿನ ಮಿತಿ ಹಾಕಿತು. ಇವುಗಳ ಋಣವನ್ನು ಮರೆಯಲಾಗದು. ಆದರೂ ಪಠ್ಯಗಳಾಗಿ ಓದುವಾಗ ಒಂದು ಅಂಶ ಗಮನಕ್ಕೆ ಬರುತ್ತದೆ. ವರದಿಯಿಂದ ಸಾರ್ವಜನಿಕ ನೆನಪಿನಲ್ಲಿ ಉಳಿದದ್ದು 16,085 ಕೋಟಿ ರೂಪಾಯಿಯೆಂಬ ಬೊಕ್ಕಸದ ನಷ್ಟ. ತೀರ್ಪಿನಿಂದ ಉಳಿದದ್ದು ಟನ್ನು. ತೀರ್ಪಿನಲ್ಲಿ ಪೀಳಿಗೆಗಳ ನಡುವಣ ನ್ಯಾಯವೆಂಬ ತತ್ತ್ವದ ಪ್ರಸ್ತಾಪವಿದೆ; ಅದು ಬೆಟ್ಟದ ಕಾಲಕ್ಕೆ ಹತ್ತಿರವಾದ ಮಾತು. ಆದರೆ ಪೀಳಿಗೆಗಳಿಗೆ ಉಳಿಸಬೇಕಾದದ್ದು ಅದಿರೋ ಬೆಟ್ಟವೋ ಎಂಬ ಪ್ರಶ್ನೆಗೆ ಟನ್ನಿನ ಮಿತಿ ಉತ್ತರ ಕೊಡದು. 2022ರ ಆಗಸ್ಟ್‌ನಲ್ಲಿ ಬಳ್ಳಾರಿಯ ಮಿತಿ 3.5 ಕೋಟಿ ಟನ್ನಿಗೆ ಏರಿತು. ಸಂಖ್ಯೆಯ ರೂಪದಲ್ಲಿರುವ ರಕ್ಷಣೆ ಸಂಖ್ಯೆಯಾಗಿಯೇ ಸಡಿಲಗೊಳ್ಳುತ್ತದೆ.

ವಿರೋಧದ ಭಾಷೆಯೂ ಈ ಲೆಕ್ಕದಿಂದ ಹೊರಗಿಲ್ಲ. ಸಂಡೂರಿನ ದೇವದಾರಿ ಗಣಿ ಯೋಜನೆ 2024ರಲ್ಲಿ ಸುದ್ದಿಯಾದಾಗ ಎಲ್ಲೆಡೆ ಕೇಳಿಬಂದದ್ದು ಸುಮಾರು 99,000 ಮರಗಳ ಹನನದ ಮಾತು. ಆ ಆತಂಕ ನ್ಯಾಯವಾದದ್ದೇ. ಆದರೆ ಮರವೇ ಅಳತೆಯಾದರೆ ಮರವಿಲ್ಲದ ಗುಡ್ಡದ ಪರವಾಗಿ ವಾದಿಸಲು ಏನು ಉಳಿಯುತ್ತದೆ? ರಾಯದುರ್ಗ, ಮಡಕಶಿರಾ ಕಡೆಯ ಕಣಶಿಲೆಯ ಗುಡ್ಡಕ್ಕೆ ಕಲ್ಲುಕ್ವಾರಿ ಬಂದಾಗ ಎಣಿಸಲು ಮರಗಳೇ ಇರುವುದಿಲ್ಲ. ಹಾಗೆಯೇ ಅಗೆದ ಬೆಟ್ಟಕ್ಕೆ ಸಸಿ ನೆಟ್ಟು ಹಸಿರು ಮಾಡಿದರೆ ಪುನಶ್ಚೇತನವಾಯಿತೆಂದು ನಂಬುವುದು ಬೋಳುಗುಡ್ಡದ ಓದಿನ ಇನ್ನೊಂದು ರೂಪ. ಕಳೆದುಹೋದ ಬಂಡೆಯ ಬಿರುಕು, ಹುಲ್ಲು, ಪೊಟರೆಗಳನ್ನು ಸಸಿ ಮರಳಿಸಲಾರದು.

ಬೇರೊಂದು ಓದು ಸಾಧ್ಯವೆಂಬುದಕ್ಕೆ ಇದೇ ಒಣಸೀಮೆಯಲ್ಲಿ ಒಂದು ನಿದರ್ಶನವಿದೆ. ಸುಮಾರು 1900ರಿಂದ ಯಾವ ಪಕ್ಷಿತಜ್ಞನಿಗೂ ಕಾಣದೆ, ಅಳಿದೇ ಹೋಯಿತೆಂದು ಭಾವಿಸಲಾಗಿದ್ದ ಜೆರ್ಡನ್ಸ್ ಕೋರ್ಸರ್ ಎಂಬ ಹಕ್ಕಿ 1986ರಲ್ಲಿ ಕಡಪ ಜಿಲ್ಲೆಯ ಲಂಕಮಲ ಬೆಟ್ಟಗಳ ತಪ್ಪಲಿನ ಕುರುಚಲಿನಲ್ಲಿ ಮತ್ತೆ ಪತ್ತೆಯಾಯಿತು. ಹುಡುಕಿದ್ದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ; ಆದರೆ ಸ್ಥಳೀಯರ ಬಾಯಲ್ಲಿ ಅದಕ್ಕೆ ‘ಕಲಿವಿ ಕೋಡಿ’ ಎಂಬ ಹೆಸರಿತ್ತು. ಕಲಿವಿ ಪೊದೆಯ ಕೋಳಿ ಎಂದರ್ಥ. ತೆಲುಗಿನ ಕಲಿವಿ ಕನ್ನಡದ ಕವಳಿಯ ಜ್ಞಾತಿಪದ. ಶಾಸ್ತ್ರ ಅಳಿಯಿತೆಂದ ಹಕ್ಕಿಯನ್ನು ಒಂದು ಆಡುಮಾತು ಅದರ ಪೊದೆಯ ಸಮೇತ ಉಳಿಸಿಕೊಂಡಿತ್ತು. ಆ ಕುರುಚಲು ಮುಂದೆ ಶ್ರೀ ಲಂಕಮಲ್ಲೇಶ್ವರ ಅಭಯಾರಣ್ಯದ ಭಾಗವಾಯಿತು. ತೆಲುಗು ಗಂಗಾ ಕಾಲುವೆಯ ದಾರಿಯೂ ಹಕ್ಕಿಗಾಗಿ ಬದಲಾಯಿತು.

ಬಳ್ಳಾರಿ–ರಾಯದುರ್ಗ ಗಡಿಯ ದ್ವಿಭಾಷಿಕ ನುಡಿಯಲ್ಲಿ ಇಂಥ ಸಂಪತ್ತು ಕಡಿಮೆಯಿಲ್ಲ. ಕನ್ನಡದ ಗುಡ್ಡಕ್ಕೆ ತೆಲುಗಿನ ಗುಟ್ಟ. ಬಂಡೆಯ ಮೇಲೆ ನೀರು ನಿಲ್ಲುವ ದೊಣೆಗೆ ದೊನ. ಕನ್ನಡದ ಚಿಲುಮೆ ಚಿಮ್ಮುವ ನೀರಾದರೆ ತೆಲುಗಿನ ಚೆಲಮ ನದಿಯ ಮರಳಲ್ಲಿ ತೋಡಿಕೊಂಡ ಗುಂಡಿ. ಈ ಪದಗಳು ನೀರಿಲ್ಲವೆಂದು ಹೇಳುವುದಿಲ್ಲ. ನೀರು ಎಲ್ಲಿ, ಯಾವ ರೂಪದಲ್ಲಿದೆ ಎಂದು ಹೇಳುತ್ತವೆ. ಅಟ್ಲಾಸಿನ ‘ಬರಡು ಬಂಡೆ’ಯ ಒಳಗೆ ದೊಣೆಗೆ ಜಾಗವಿಲ್ಲ.

ಇದನ್ನು ಜನಪದದ ವೈಭವೀಕರಣವಾಗಿ ಬೆಳೆಸುವುದು ಸುಲಭ, ಅಪಾಯಕಾರಿ ಕೂಡ. ಗುಡ್ಡ ಬೋಳಾದದ್ದರಲ್ಲಿ ಸೌದೆ, ಇದ್ದಿಲು, ಆಡುಕುರಿಗಳ ಪಾಲೂ ಇದೆ. ಗಣಿಯ ಕೂಲಿಯನ್ನು ನೆಚ್ಚಿದ ಮನೆಗಳಿಗೆ ಪಿಕಳಾರದ ಮಾತು ನಗೆಪಾಟಲಾಗಿ ಕೇಳಿಸಬಹುದು. ಹಸಿವನ್ನು ಬರೆದ ಕನ್ನಡ–ತೆಲುಗು ಲೇಖಕರು ಸುಳ್ಳು ಬರೆದವರಲ್ಲ. ಅವರ ಬರಹದಲ್ಲಿ ಹಸಿವಿಗೆ ಕಾರಣ ಯಾರು ಎಂಬ ಪ್ರಶ್ನೆಯಿತ್ತು; ವಿಮರ್ಶೆ ಅದನ್ನು ನೆಲದ ಗುಣವಾಗಿ ತಿರುಗಿಸಿತು. ಆ ತಿರುವನ್ನು ಸರಿಪಡಿಸುವುದು ವಿಮರ್ಶೆಯದೇ ಹೊಣೆ.

ಎರಡೂ ಭಾಷೆ ಬಲ್ಲ ಗಡಿಯ ವಿದ್ವಾಂಸರಿಗೆ ಇಲ್ಲಿ ಬೇರೆಯವರು ಮಾಡಲಾಗದ ಕೆಲಸವಿದೆ. ಗುಡ್ಡಗಳ, ದೊಣೆಗಳ, ಪೊದೆಗಳ, ಹಕ್ಕಿಗಳ ಹೆಸರುಗಳನ್ನು ಕನ್ನಡ–ತೆಲುಗುಗಳಲ್ಲಿ ಜೊತೆಜೊತೆಗೆ ಊರುವಾರು ದಾಖಲಿಸಿದರೆ ಅದು ಪದಕೋಶವೂ ಆಗುತ್ತದೆ, ನ್ಯಾಯಾಲಯದಲ್ಲಿ ಸಾಕ್ಷ್ಯವೂ ಆಗಬಲ್ಲದು. ಒಂದು ಗುಡ್ಡಕ್ಕೆ ಹತ್ತು ಹೆಸರಿನ ದೊಣೆಗಳಿದ್ದವೆಂದು ಬರೆದಿಟ್ಟಿದ್ದರೆ ಅದನ್ನು ಬರಡೆಂದು ಸಾಧಿಸುವುದು ಕಷ್ಟ. ಹೆಸರು ಬಲ್ಲ ಹಿರಿಯರು ಇನ್ನೂ ಇರುವಾಗಲೇ ಆ ದಾಖಲೆ ಆಗಬೇಕು. ಸುಗ್ಗಲಮ್ಮನ ಗುಡ್ಡದ ಮಟ್ಟಿಗೆ ಆ ಅವಕಾಶ ಈಗಾಗಲೇ ಕಳೆದುಹೋಗಿದೆ.